ಹೈಡ್ರೇಂಜಿಯಾ ಸವರುವ ಹೊತ್ತು: ಪುಷ್ಯ ಮಳೆಯಿಂದ ಮಘೆ ಮಳೆಯವರೆಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮನೆಯಂಗಳದಲ್ಲಿ ಚೆಂಡಿನಂತಹ ಹೂಗೊಂಚಲು ಬಿಡುವ ಹೈಡ್ರೇಂಜಿಯಾ ಬೆಳೆಸುವವರು ಬೇಸಿಗೆ ಬಂತೆಂದರೆ ಹೇಳುವ ದೂರು ಒಂದೇ: ಗಿಡ ಎದೆಮಟ್ಟ ಬೆಳೆದಿದೆ, ಎಲೆಗಳು ಅಂಗೈಗಿಂತ ಅಗಲವಾಗಿವೆ, ಹೂವು ಮಾತ್ರ ಒಂದೂ ಇಲ್ಲ. ಗೊಬ್ಬರ ಕಡಿಮೆಯಾಯಿತೇ, ನೀರು ಸಾಲಲಿಲ್ಲವೇ ಎಂದು ಕೇಳುತ್ತಾರೆ. ಗಿಡವನ್ನು ಯಾವಾಗ ಸವರಿದಿರಿ ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ. ಬಹುಪಾಲು ಮನೆಗಳಿಂದ ಬರುವ ಉತ್ತರವೂ ಒಂದೇ ಆಗಿರುತ್ತದೆ. ದೀಪಾವಳಿ ಕಳೆದ ಮೇಲೆ, ಅಡಿಕೆ ಕೊಯ್ಲು ಶುರುವಾಗುವ ಮುನ್ನ ಅಂಗಳ ಕೆತ್ತಿ, ಸಗಣಿ ಸಾರಿಸಿ, ಅಡಿಕೆ ಒಣಗಿಸುವ ಅಟ್ಟ ಹಾಕುವಾಗ, ಬಿಸಿಲಿಗೆ ಅಡ್ಡವಾಗುತ್ತದೆಂದು ಅಂಚಿನ ಗಿಡಗಳನ್ನೆಲ್ಲ ಒಂದೇ ಸಮನೆ ಕಡಿದು ಚೊಕ್ಕ ಮಾಡಿದ್ದಾಗಿರುತ್ತದೆ. ಮುಂದಿನ ಬೇಸಿಗೆಯಲ್ಲಿ ಅರಳಬೇಕಿದ್ದ ಹೂ ಅಂದೇ ಗೊಬ್ಬರಗುಂಡಿ ಸೇರಿಹೋಯಿತು.

ಇದು ಹೇಗೆಂದು ತಿಳಿಯಬೇಕಾದರೆ, ಹೂವು ಗಿಡದ ಯಾವ ಭಾಗದಲ್ಲಿ, ಯಾವ ಕಾಲದಲ್ಲಿ ಹುಟ್ಟುತ್ತದೆ ಎಂಬುದನ್ನು ನೋಡಬೇಕು. ನಮ್ಮ ಕಡೆಯ ಹೆಂಗಸರಿಗೆ ಡೇರೆ (ಡೇಲಿಯಾ) ಹೂವಿನ ಆರೈಕೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲದ ಆರಂಭದಲ್ಲಿ ಗೆಡ್ಡೆ ಊರಿ, ಚಿಗುರು ಗೇಣುದ್ದವಾದಾಗ ಕುಡಿ ಚಿವುಟಿದರೆ ಪಕ್ಕದಲ್ಲಿ ಕವಲೊಡೆದು ಪ್ರತಿ ಕವಲಿನ ತುದಿಯಲ್ಲೂ ಹೂ ಬರುತ್ತದೆ. ಗುಲಾಬಿ ಮತ್ತು ದಾಸವಾಳದ ಲೆಕ್ಕವೂ ಹೆಚ್ಚುಕಡಿಮೆ ಹೀಗೆಯೇ ಇದೆ: ಕತ್ತರಿಸಿದಷ್ಟೂ ಹೊಸ ಚಿಗುರು, ಚಿಗುರಿದಷ್ಟೂ ಹೂವು. ಈ ಗಿಡಗಳು ಆಯಾ ಹಂಗಾಮಿನಲ್ಲಿ ಬೆಳೆದ ಎಳೆಯ ಚಿಗುರಿನಲ್ಲಿಯೇ ಹೂವನ್ನು ಕಟ್ಟುತ್ತವೆ. ಆದ್ದರಿಂದ ಅವಕ್ಕೆ ಕತ್ತರಿಯ ಭಯವಿಲ್ಲ. ನಮ್ಮ ಅಂಗಳಗಳಲ್ಲಿರುವ ಹೈಡ್ರೇಂಜಿಯಾ ಬಹುತೇಕ ಮ್ಯಾಕ್ರೊಫಿಲ್ಲಾ ಎಂಬ ಜಾತಿಗೆ ಸೇರಿದ್ದು, ಅಂದರೆ ದೊಡ್ಡೆಲೆಯದು. ಅದು ಮಳೆಗಾಲದಲ್ಲಿ ಬೆಳೆಸಿದ ಕಡ್ಡಿಯನ್ನು ಬಲಿಸಿಕೊಂಡು, ಆ ಕಡ್ಡಿಯ ತುದಿಯ ಮೊಗ್ಗಿನೊಳಗೆ ಚಳಿಗಾಲದಲ್ಲಿ ಹೂವನ್ನು ರೂಪಿಸಿಟ್ಟುಕೊಂಡು, ಬೇಸಿಗೆಯಲ್ಲಿ ಅದನ್ನು ಹೊರಗೆ ಬಿಡುತ್ತದೆ. ಡೇರೆ ಮತ್ತು ಗುಲಾಬಿಗೆ ಒಗ್ಗಿದ ಕೈಯೇ ಇದರಲ್ಲಿ ಹೆಚ್ಚು ತಪ್ಪುತ್ತದೆ ಎಂಬುದನ್ನು ನಾನು ಅನೇಕ ಮನೆಗಳಲ್ಲಿ ಕಂಡಿದ್ದೇನೆ.

ಜನವರಿಯ ಒಂದು ಬೆಳಿಗ್ಗೆ, ಹೋದರೂ ಚಿಂತೆಯಿಲ್ಲದ ಒಂದು ಕುಡಿಯನ್ನು ಮುರಿದು ನೋಡಿದರೆ ಈ ಮಾತು ಕಣ್ಣಿಗೇ ಕಾಣುತ್ತದೆ. ಕಡ್ಡಿಯ ತುದಿಯಲ್ಲಿ ಹೆಬ್ಬೆರಳ ಉಗುರಿನಷ್ಟು ಉದ್ದದ, ನಡು ಉಬ್ಬಿದ ಮೊಗ್ಗು ಇರುತ್ತದೆ. ಅದರಿಂದ ಬಹಳ ಕೆಳಗಿನ ಎಲೆಕಂಕುಳುಗಳಲ್ಲಿ ಭತ್ತದ ಕಾಳಿನಂತೆ ಚೂಪಾದ, ಕಡ್ಡಿಗೆ ಅಂಟಿಕೊಂಡಂತಿರುವ ಸಣ್ಣ ಮೊಗ್ಗುಗಳಿರುತ್ತವೆ. ತುದಿಯ ಮೊಗ್ಗನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಬೇಕು. ಒಂದನ್ನೊಂದು ತಬ್ಬಿಕೊಂಡಿರುವ ಎರಡು ಮೂರು ಜೊತೆ ಎಳೆಯ ಎಲೆಗಳು ಮೊದಲು ಕಾಣುತ್ತವೆ. ಅವುಗಳ ನಟ್ಟನಡುವೆ, ಎಳೆಯ ಹೂಕೋಸಿನಂತೆ, ತಿಳಿಹಸಿರು ಬಣ್ಣದ ಪುಟ್ಟ ಪುಟ್ಟ ಕಾಳುಗಳ ಒಂದು ಗೊಂಚಲಿರುತ್ತದೆ. ಏಪ್ರಿಲ್‌ನಲ್ಲಿ ಸುಲಿದ ತೆಂಗಿನಕಾಯಿಯ ಗಾತ್ರಕ್ಕೆ ಅರಳುವ ಹೂಚೆಂಡು ಅದೇ. ಚೂಪು ಮೊಗ್ಗನ್ನು ಸೀಳಿದರೆ ಎಲೆಯೊಳಗೆ ಎಲೆ ಮಾತ್ರ ಸಿಗುತ್ತದೆ. ಒಮ್ಮೆ ಇದನ್ನು ಕಂಡವರು ನವೆಂಬರ್‌ನಿಂದ ಮಾರ್ಚ್‌ವರೆಗೆ ಆ ಗಿಡದ ಹತ್ತಿರ ಕತ್ತಿ ಒಯ್ಯಲಾರರು.

ಮೊಗ್ಗಿನೊಳಗೆ ಎಲೆಯ ಬದಲು ಹೂವು ಮೂಡಬೇಕೆಂಬ ಸೂಚನೆ ಗಿಡಕ್ಕೆ ಸಿಗುವುದು ಮುಖ್ಯವಾಗಿ ಚಳಿಯಿಂದ. ಉಷ್ಣಾಂಶ ಸುಮಾರು 18 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದು, ಆ ತಂಪು ಆರೇಳು ವಾರ ಎಡೆಬಿಡದೆ ಸಿಕ್ಕರೆ ತುದಿಯ ಮೊಗ್ಗು ಹೂಮೊಗ್ಗಾಗಿ ಮಾರ್ಪಡುತ್ತದೆ. ಹಗಲು ಗಿಡ್ಡವಾಗುವುದೂ ಅದಕ್ಕೆ ನೆರವಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ ಶಿರಸಿಯಲ್ಲಿ ಡಿಸೆಂಬರ್ ಮತ್ತು ಜನವರಿಯ ರಾತ್ರಿಗಳು 15 ಡಿಗ್ರಿಯ ಆಸುಪಾಸಿಗೆ ಇಳಿಯುವುದು ಸಾಮಾನ್ಯವಾದ್ದರಿಂದ ಗಿಡಕ್ಕೆ ಬೇಕಾದ ಚಳಿ ದೊರೆಯುತ್ತದೆ. ದೇವಿಮನೆ ಘಟ್ಟ ಇಳಿದು ಕುಮಟಾ ತಲುಪಿದರೆ ಈ ಲೆಕ್ಕ ತಪ್ಪುತ್ತದೆ. ಕಾರವಾರದಲ್ಲಿ ಅದೇ ತಿಂಗಳುಗಳ ರಾತ್ರಿಯ ಉಷ್ಣಾಂಶ ಸಾಮಾನ್ಯವಾಗಿ 20 ಡಿಗ್ರಿಯ ಸುತ್ತಮುತ್ತಲೇ ನಿಲ್ಲುತ್ತದೆ.

ಕಾರವಾರದಲ್ಲಿರುವ ನನ್ನ ಚಿಕ್ಕಮ್ಮ ಶಿರಸಿಯ ಮಾರಿಕಾಂಬಾ ಜಾತ್ರೆಗೆ ಬಂದಾಗ, ಮೊಗ್ಗು ಬಿಟ್ಟಿದ್ದ ಕುಂಡದ ಗಿಡವೊಂದನ್ನು ನನ್ನಿಂದ ಒಯ್ದಿದ್ದರು. ಆ ಬೇಸಿಗೆಯಲ್ಲಿ ಅದು ಏಳು ಚೆಂಡು ಹೂ ಬಿಟ್ಟಿತು. ಮರುವರ್ಷ ಎಲೆ ಬಿಟ್ಟರೆ ಬೇರೇನೂ ಇಲ್ಲ. "ಕೂಸೇ, ನಿನ್ನ ಗಿಡಕ್ಕೆ ಇಲ್ಲಿ ಹಿಡಸ್ತಿಲ್ಲೆ ಕಾಣ್ತು" ಎಂದು ಅವರು ಫೋನಿನಲ್ಲಿ ಬೇಸರಪಟ್ಟರು. ಅವರ ಆರೈಕೆಯಲ್ಲಿ ಕೊರತೆ ಇರಲಿಲ್ಲ. ಮೊದಲ ವರ್ಷ ಅರಳಿದ್ದು ಶಿರಸಿಯ ಚಳಿಯಲ್ಲಿ ಆಗಲೇ ರೂಪುಗೊಂಡಿದ್ದ ಹೂವು. ಕಾರವಾರದ ಚಳಿಗಾಲ ಹೊಸದೊಂದನ್ನು ರೂಪಿಸಲಿಲ್ಲ. ಸೋಜಿಗವೆಂದರೆ ಈ ಜಾತಿಯ ತವರು ಜಪಾನಿನ ಕಡಲತಡಿಯೇ ಆಗಿದೆ. ಅಲ್ಲಿ ಇದನ್ನು ಅಜಿಸಾಯಿ ಎನ್ನುತ್ತಾರೆ; ಜೂನ್ ಮತ್ತು ಜುಲೈನ ಅವರ ಮಳೆಗಾಲದ ಹೂವೆಂದೇ ಅದಕ್ಕೆ ಹೆಸರಿದೆ. ಕಡಲು, ಮಳೆ, ಆಮ್ಲೀಯ ಮಣ್ಣು ಎಲ್ಲವೂ ನಮ್ಮ ಕರಾವಳಿಯಲ್ಲೂ ಇದ್ದರೂ, ಜಪಾನಿನ ಕಡಲತಡಿಗೆ ಬರುವ ಚಳಿ ಇಲ್ಲಿಗೆ ಬರುವುದಿಲ್ಲ.

ಘಟ್ಟದ ಮೇಲಿನವರಿಗೆ ಮಾವಿನ ಮರದ ಹೋಲಿಕೆ ಕೊಟ್ಟರೆ ವಿಷಯ ಬೇಗ ಮನದಟ್ಟಾಗುತ್ತದೆ. ಮಾವು ಕೂಡ ಹಿಂದಿನ ಹಂಗಾಮಿನಲ್ಲಿ ಬಲಿತ ಕುಡಿಯ ತುದಿಯಲ್ಲಿ, ಚಳಿ ತಾಕಿದ ಮೇಲೆ ಹೂ ಬಿಡುತ್ತದೆ. ಚಳಿ ಸರಿಯಾಗಿ ಬೀಳದ ವರ್ಷ ಅಪ್ಪೆಮಿಡಿ ಕಡಿಮೆ ಎಂದು ಉಪ್ಪಿನಕಾಯಿ ಹಾಕುವ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಡಿಸೆಂಬರ್‌ನಲ್ಲಿ ಮಾವಿನ ಮರದ ಕುಡಿಗಳನ್ನೆಲ್ಲ ಕತ್ತರಿಸಿ ಮಿಡಿ ಬರಲೆಂದು ಕಾಯುವವರು ಯಾರೂ ಇಲ್ಲ. ಹೈಡ್ರೇಂಜಿಯಾವನ್ನು ಅಂಗಳದ ಅಂಚಿನ ಪುಟ್ಟ ಮಾವು ಎಂದು ಎಣಿಸಿ ನಡೆದುಕೊಂಡರೆ ಅರ್ಧ ತಪ್ಪು ಅಲ್ಲಿಯೇ ತಪ್ಪಿದಂತೆ.

ಇನ್ನರ್ಧ ತಪ್ಪು ಹೊರದೇಶದ ವಿಡಿಯೋಗಳಿಂದ ಬರುತ್ತಿದೆ. ಐದು ವರ್ಷದ ಹಿಂದೆ ಅಂಥದ್ದೊಂದನ್ನು ನೋಡಿ, ಅದರಲ್ಲಿ ಹೇಳಿದಂತೆ ಫೆಬ್ರುವರಿ ಕೊನೆಯಲ್ಲಿ ನನ್ನ ಆರು ಗಿಡಗಳನ್ನು ನೆಲದಿಂದ ಒಂದು ಅಡಿ ಎತ್ತರಕ್ಕೆ ಕತ್ತರಿಸಿದೆ. ಗಿಡಗಳು ಹುರುಪಿನಿಂದ ಚಿಗುರಿದವು. ಆ ವರ್ಷ ಆರರಲ್ಲಿ ಒಂದೂ ಅರಳಲಿಲ್ಲ. ವಿಡಿಯೋ ಸುಳ್ಳು ಹೇಳಿರಲಿಲ್ಲ, ಅಲ್ಲಿದ್ದ ಗಿಡವೇ ಬೇರೆ ಜಾತಿಯದು. ಪ್ಯಾನಿಕ್ಯುಲೇಟಾ ಮತ್ತು ಆರ್ಬೊರೆಸೆನ್ಸ್ ಎಂಬ ಎರಡು ಜಾತಿಗಳು ಡೇರೆಯಂತೆ ಹೊಸ ಚಿಗುರಿನಲ್ಲಿಯೇ ಹೂ ಕಟ್ಟುತ್ತವೆ. ಲೈಮ್‌ಲೈಟ್ ಮತ್ತು ಅನ್ನಬೆಲ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಗಿಡಗಳು ಈ ಗುಂಪಿನವು. ಅವುಗಳನ್ನು ಚಳಿಗಾಲದ ಕೊನೆಗೆ ಗಿಡ್ಡವಾಗಿ ಕತ್ತರಿಸಿದರೆ ಚಿಗುರು ದಪ್ಪವಾಗಿ ಬಂದು ಹೂವು ದೊಡ್ಡದಾಗುತ್ತದೆ. ಆ ಸಲಹೆಯನ್ನು ಮ್ಯಾಕ್ರೊಫಿಲ್ಲಾಕ್ಕೆ ಹಚ್ಚಿದರೆ ಒಂದು ವರ್ಷದ ಹೂವು ಹೋಗುತ್ತದೆ. ಗುರುತಿಸುವುದು ಕಷ್ಟವಲ್ಲ: ಪ್ಯಾನಿಕ್ಯುಲೇಟಾದ ಹೂಗೊಂಚಲು ದುಂಡಗಿರದೆ ಮೇಲೆ ಚೂಪಾದ ಗೋಪುರದಂತಿರುತ್ತದೆ. ಆರ್ಬೊರೆಸೆನ್ಸ್‌ನ ಎಲೆ ತೆಳು, ಹೂವು ಸಾಮಾನ್ಯವಾಗಿ ಬಿಳಿ. ಎಲೆ ದಪ್ಪವಾಗಿ ಮಿರುಗುತ್ತ, ಹೂಚೆಂಡು ನೀಲಿ ಅಥವಾ ಗುಲಾಬಿಯಾಗಿದ್ದರೆ ಅದು ಮ್ಯಾಕ್ರೊಫಿಲ್ಲಾವೇ.

ಹಳೆಯ ಕಡ್ಡಿಯಲ್ಲೂ ಹೊಸ ಚಿಗುರಿನಲ್ಲೂ ಹೂ ಬಿಡುವ ಮ್ಯಾಕ್ರೊಫಿಲ್ಲಾ ತಳಿಗಳೂ ಈಗ ಇವೆ. ಅವುಗಳಲ್ಲಿ ಹೆಸರಾದ ಎಂಡ್‌ಲೆಸ್ ಸಮ್ಮರ್ ಅಮೆರಿಕದ ಮಾರುಕಟ್ಟೆಗೆ ಬಂದದ್ದು 2004ರಲ್ಲಿ. ಆದರೆ ಅಕ್ಕಪಕ್ಕದ ಮನೆಯಿಂದ ಕಡ್ಡಿ ತಂದು ನೆಟ್ಟ ಗಿಡವನ್ನು ಹಳೆಯ ಬಗೆಯದೆಂದೇ ಎಣಿಸಿ ನಡೆಯುವುದು ಕ್ಷೇಮ.

ಈಗ ಬಾಡಿದ ಹೂವಿನ ವಿಚಾರ. ನಾವು ದಳವೆಂದು ತಿಳಿಯುವ ನಾಲ್ಕು ಬಣ್ಣದ ಎಸಳುಗಳು ನಿಜವಾಗಿ ದಳಗಳಲ್ಲ, ಅವು ಹೂವಿನ ಹೊರಗವಚದ ಎಲೆಗಳು. ನಿಜವಾದ ಹೂವು ಅವುಗಳ ನಡುವೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಬೊಟ್ಟಿನಂತಿರುತ್ತದೆ. ಎಲೆಯ ಜಾತಿಗೆ ಸೇರಿದವಾದ್ದರಿಂದಲೇ ಆ ಎಸಳುಗಳು ಮಲ್ಲಿಗೆಯಂತೆ ಒಂದೇ ದಿನದಲ್ಲಿ ಬಾಡುವುದಿಲ್ಲ. ವಾರಗಟ್ಟಲೆ ನಿಂತು, ಮೆಲ್ಲಗೆ ಹಸಿರಿಗೋ ಕೆಂಗಂದಿಗೋ ತಿರುಗಿ, ಕಡೆಗೆ ಕಾಗದದಂತೆ ಒಣಗುತ್ತವೆ. ಚೆಂಡಿನ ಬಹುಪಾಲು ಹೂಗಳು ಬೀಜ ಕಟ್ಟುವುದಿಲ್ಲ. ಬಾಡಿದ ಹೂವನ್ನು ತೆಗೆದರೆ ಬೀಜಕ್ಕೆ ಹೋಗುವ ಶಕ್ತಿ ಉಳಿದು ಹೆಚ್ಚು ಹೂ ಬರುತ್ತದೆ ಎಂಬ ಗುಲಾಬಿಯ ನಿಯಮ ಇದಕ್ಕೆ ಅಷ್ಟಾಗಿ ಅನ್ವಯಿಸದಿರುವುದು ಈ ಕಾರಣದಿಂದಲೇ. ನಮ್ಮ ಹಳೆಯ ಬಗೆಯ ಗಿಡದಲ್ಲಿ ಬಾಡಿದ ಹೂ ಕಿತ್ತ ಮಾತ್ರಕ್ಕೆ ಅದೇ ವರ್ಷ ಮತ್ತೆ ಹೂ ಬಾರದು. ಹಾಗೆ ಬರುವುದೆಂದು ಹೇಳುವವರ ಮಾತನ್ನು ನಂಬಿ ನಿರಾಶರಾಗಬಾರದು.

ಹಾಗಿದ್ದರೂ ನಮ್ಮಲ್ಲಿ ಬಾಡಿದ ಹೂವನ್ನು ತೆಗೆಯಲೇಬೇಕು. ಇಂಗ್ಲೆಂಡಿನಂತಹ ಕಡೆ ಒಣಗಿದ ಚೆಂಡನ್ನು ಚಳಿಗಾಲವಿಡೀ ಗಿಡದಲ್ಲೇ ಬಿಡುತ್ತಾರೆ, ಕೆಳಗಿನ ಮೊಗ್ಗುಗಳಿಗೆ ಹಿಮ ಬಡಿಯದಿರಲೆಂದು. ನಮ್ಮಲ್ಲಿ ಹಿಮವಿಲ್ಲ, ಮಳೆಯಿದೆ. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಆರಿದ್ರಾ ಮಳೆ ಹಿಡಿಯಿತೆಂದರೆ ಒಂದೊಂದು ಚೆಂಡೂ ನೆನೆದ ಹತ್ತಿಯ ಮುದ್ದೆಯಂತೆ ನೀರು ಹಿಡಿದು ಕಡ್ಡಿಯನ್ನು ನೆಲಕ್ಕೆ ಬಾಗಿಸುತ್ತದೆ. ನೆಲ ಮುಟ್ಟಿದ ಹೂವಿನ ಮೇಲೆ ಬೂದುಬಣ್ಣದ ಬೂಷ್ಟು ಹತ್ತಿ, ಅದು ಹೂವಿನ ತೊಟ್ಟಿನಿಂದ ಕೆಳಗಿನ ಎಲೆಗೂ ಮೊಗ್ಗಿಗೂ ಇಳಿಯುತ್ತದೆ. ಮುಂದಿನ ವರ್ಷ ಹೂ ಬಿಡಬೇಕಾದ ಕವಲು ಹೊರಡುವುದು ಆ ಮೊಗ್ಗಿನಿಂದಲೇ ಆದ್ದರಿಂದ, ಕೊಳೆತ ಚೆಂಡನ್ನು ಅಲ್ಲೇ ಬಿಡುವುದು ಗಿಡಕ್ಕೆ ನಾವು ಮಾಡುವ ಅನ್ಯಾಯ.

ಕತ್ತರಿ ಎಲ್ಲಿ ಇಡಬೇಕೆಂಬುದನ್ನು ಗಿಡದ ಎದುರು ಕುಕ್ಕುರುಗಾಲಿನಲ್ಲಿ ಕುಳಿತು ನೋಡಬೇಕು. ಹೈಡ್ರೇಂಜಿಯಾದ ಎಲೆಗಳು ಎದುರುಬದುರಾಗಿ ಜೊತೆಜೊತೆಯಾಗಿ ಹುಟ್ಟುತ್ತವೆ. ಪ್ರತಿ ಎಲೆಯ ಕಂಕುಳಲ್ಲೂ ಒಂದು ಮೊಗ್ಗು ಇರುತ್ತದೆ. ಹೂಚೆಂಡಿನ ತೊಟ್ಟಿನ ಕೆಳಗೆ ಸಿಗುವ ಮೊದಲ ಜೊತೆ ಎಲೆಗಳು ಸಾಮಾನ್ಯವಾಗಿ ಚಿಕ್ಕವು, ಅವುಗಳ ಕಂಕುಳಲ್ಲಿ ಬೆರಳಾಡಿಸಿದರೆ ಏನೂ ತಾಕುವುದಿಲ್ಲ. ಅದರ ಕೆಳಗಿನ ಗೆಣ್ಣಿಗೆ ಬಂದಾಗ ಎರಡೂ ಬದಿಯಲ್ಲಿ ತುಂಬಿದ ಮೊಗ್ಗುಗಳು ಬೆರಳಿಗೆ ಸಿಗುತ್ತವೆ. ಆ ಗೆಣ್ಣಿನಿಂದ ಅರ್ಧ ಬೆರಳಗಲ ಮೇಲೆ ಕತ್ತರಿಸಬೇಕು. ತೀರಾ ಮೇಲೆ ಕತ್ತರಿಸಿದರೆ ಉಳಿದ ಮೋಟು ಒಣಗಿ ಕೊಳೆ ಕೆಳಗಿಳಿಯುತ್ತದೆ. ಗೆಣ್ಣಿಗೆ ತಾಗಿಸಿ ಕತ್ತರಿಸಿದರೆ ಮೊಗ್ಗಿಗೇ ಗಾಯವಾಗುತ್ತದೆ. ಎರಡು ಮೂರು ವಾರಗಳಲ್ಲಿ ಆ ಎರಡೂ ಮೊಗ್ಗುಗಳು ಒಡೆದು ಒಂದು ಕಡ್ಡಿಯ ಜಾಗದಲ್ಲಿ ಎರಡು ಕವಲುಗಳಾಗುತ್ತವೆ. ಚಳಿ ಬರುವ ಹೊತ್ತಿಗೆ ಆ ಕವಲುಗಳು ನಾಲ್ಕೈದು ಜೊತೆ ಎಲೆ ಬಿಟ್ಟು ಬಲಿತಿದ್ದರೆ ಎರಡರ ತುದಿಯಲ್ಲೂ ಹೂ ಕಟ್ಟುತ್ತದೆ. ಬಾಡಿದ ಹೂವನ್ನು ತೆಗೆಯುವುದರಿಂದ ಹೂವಿನ ಸಂಖ್ಯೆ ಹೆಚ್ಚುವುದು ಈ ದಾರಿಯಿಂದ, ಮುಂದಿನ ವರ್ಷಕ್ಕೆ.

ಕತ್ತಿಯಿಂದ ಈ ಕೆಲಸ ಮಾಡಬಾರದು ಎಂದು ಒತ್ತಿ ಹೇಳುತ್ತೇನೆ. ಹೈಡ್ರೇಂಜಿಯಾದ ಕಡ್ಡಿಯ ನಡುವೆ ಮೆತ್ತನೆಯ ಬಿಳಿ ತಿರುಳಿದೆ. ಮೊಂಡು ಕತ್ತಿಯ ಏಟಿಗೆ ಕಡ್ಡಿ ಜಜ್ಜಿ ಸೀಳಿದರೆ ಆ ತಿರುಳು ಮಳೆನೀರನ್ನು ಬತ್ತಿಯಂತೆ ಹೀರಿ, ಕಡ್ಡಿ ಮೇಲಿನಿಂದ ಕಪ್ಪಾಗುತ್ತ ಬರುತ್ತದೆ. ಗುಲಾಬಿಗೆ ಬಳಸುವ, ಗಿಡ ಸವರುವ ಸ್ಪ್ರಿಂಗಿನ ಕತ್ತರಿ ಹರಿತವಾಗಿದ್ದರೆ ಸಾಕು. ನೀರು ನಿಲ್ಲದಂತೆ ಸ್ವಲ್ಪ ಓರೆಯಾಗಿ, ಮಳೆ ಹೊಳವಾದ ದಿನ ನೋಡಿ ಕತ್ತರಿಸಬೇಕು. ಕೊಳೆತ ಗಿಡದಿಂದ ಚೆನ್ನಾಗಿರುವ ಗಿಡಕ್ಕೆ ಹೋಗುವಾಗ ಕತ್ತರಿಯ ಅಲಗನ್ನು ಸ್ಪಿರಿಟ್ಟಿನಿಂದ ಒರೆಸಿಕೊಳ್ಳುವುದು ಒಳ್ಳೆಯದು.

ಕತ್ತರಿ ಕೈಯಲ್ಲಿದ್ದಾಗ ಮನಸ್ಸು ಎಲ್ಲ ಕುಡಿಗಳನ್ನೂ ಒಂದೇ ಎತ್ತರಕ್ಕೆ ತರಲು ಹಂಬಲಿಸುತ್ತದೆ. ಈ ಹಂಬಲವನ್ನು ತಡೆಯುವುದೇ ಈ ವಿದ್ಯೆಯ ಕಠಿಣ ಭಾಗ. ಈ ವರ್ಷ ಹೂ ಬಿಡದೆ ಬರೀ ಎಲೆಯಾಗಿ ನಿಂತ ಕೆಲವು ಕಡ್ಡಿಗಳು ಪ್ರತಿ ಗಿಡದಲ್ಲೂ ಇರುತ್ತವೆ. ಕೆಲಸಕ್ಕೆ ಬಾರದವೆಂದು ಅವನ್ನೇ ಮೊದಲು ಕತ್ತರಿಸುವವರಿದ್ದಾರೆ. ಬರುವ ವರ್ಷ ಎಲ್ಲಕ್ಕಿಂತ ದೊಡ್ಡ ಹೂ ಬಿಡುವವು ಅವೇ. ಅವಕ್ಕೆ ಹೊಸದಾಗಿ ಚಿಗುರಬೇಕಾದ ಕೆಲಸವೂ ಇಲ್ಲ, ಬಲಿಯುವುದಕ್ಕೆ ಇಡೀ ಮಳೆಗಾಲವಿದೆ. ಹೂ ಬಿಟ್ಟ ಕಡ್ಡಿಗೆ ಮಾತ್ರ ಕತ್ತರಿ, ಹೂ ಬಿಡದ ಕಡ್ಡಿಗೆ ಕೈ ಹಚ್ಚಬಾರದು. ನಾನು ಜೂನ್‌ನಲ್ಲಿ, ಹೂವುಗಳಿನ್ನೂ ಇರುವಾಗಲೇ, ಅಂಥ ಕಡ್ಡಿಗಳಿಗೆ ಒಂದೊಂದು ಬಾಳೆಪಟ್ಟೆಯ ದಾರ ಕಟ್ಟಿ ಗುರುತು ಮಾಡಿಡುತ್ತೇನೆ.

ಕಾಲವನ್ನು ನಾನು ಮಳೆ ನಕ್ಷತ್ರದಲ್ಲಿ ಲೆಕ್ಕ ಇಡುತ್ತೇನೆ, ತೋಟದ ಉಳಿದ ಕೆಲಸಗಳೂ ಅದರ ಮೇಲೆಯೇ ನಡೆಯುವುದರಿಂದ. ಹೂವು ಏಪ್ರಿಲ್, ಮೇ ತಿಂಗಳಲ್ಲಿ ಚೆಂದವಾಗಿದ್ದು, ಮೃಗಶಿರ ಮಳೆಗೆ ಬಣ್ಣ ಕುಂದಿ, ಪುನರ್ವಸು ಮುಗಿಯುವಷ್ಟರಲ್ಲಿ ನೋಡುವ ಹಾಗಿರುವುದಿಲ್ಲ. ಪುಷ್ಯ ಮಳೆ ಕೂಡುವುದು ಜುಲೈ 20ರ ಸುಮಾರಿಗೆ. ಮಘೆ ಮುಗಿಯುವುದು ಆಗಸ್ಟ್ ಕೊನೆಗೆ. ಈ ನಡುವಿನ ಆರು ವಾರಗಳೇ ಹೈಡ್ರೇಂಜಿಯಾ ಸವರುವ ಹೊತ್ತು. ಆಗ ನೆಲದಲ್ಲಿ ತೇವವಿರುತ್ತದೆ, ಕತ್ತರಿಸಿದ ಗಿಡ ಕೂಡಲೇ ಚಿಗುರುತ್ತದೆ, ಆ ಚಿಗುರಿಗೆ ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ಎಂಬ ಮೂರು ತಿಂಗಳ ಬೆಳವಣಿಗೆ ಸಿಗುತ್ತದೆ. ಚೌತಿಯ ಹೊತ್ತಿಗೆ ಕತ್ತರಿ ಒಳಗಿಡಬೇಕು. ನವರಾತ್ರಿಯಲ್ಲಿ ಕತ್ತರಿಸಿದ ಗಿಡದ ಚಿಗುರು ಡಿಸೆಂಬರ್‌ನಲ್ಲಿ ಇನ್ನೂ ಎಳೆಯದಿದ್ದು, ಚಳಿಯ ಸೂಚನೆ ಬಂದಾಗ ಹೂ ಕಟ್ಟುವ ಬಲ ಅದಕ್ಕೆ ಇರುವುದಿಲ್ಲ. ಅಟ್ಟ ಹಾಕಲು ಅಡ್ಡವಾಗುವ ಗಿಡವಿದ್ದರೆ ಅದನ್ನು ಶ್ರಾವಣದಲ್ಲೇ ತಗ್ಗಿಸಬೇಕು, ಅಥವಾ ನವೆಂಬರ್‌ನಲ್ಲಿ ಕತ್ತರಿಸುವ ಬದಲು ಕಡ್ಡಿಗಳನ್ನು ಕೂಡಿಸಿ ಬಾಳೆಪಟ್ಟೆಯಿಂದ ಸಡಿಲವಾಗಿ ಕಟ್ಟಿ ಹಿಂದಕ್ಕೆ ಎಳೆದಿಡಬೇಕು. ನಮ್ಮ ಮನೆಯಲ್ಲಿ ಈಗ ಹಾಗೆಯೇ ಮಾಡುತ್ತೇವೆ.

ಇದುವರೆಗೆ ಹೇಳಿದ್ದು ವರ್ಷವರ್ಷದ ಸಣ್ಣ ಸವರಿಕೆ. ಗಿಡಕ್ಕೆ ನಾಲ್ಕೈದು ವರ್ಷವಾದ ಮೇಲೆ ಇನ್ನೊಂದು ಕೆಲಸವೂ ಬೇಕಾಗುತ್ತದೆ. ಬುಡದಿಂದ ಎದ್ದ ಹಳೆಯ ಕಡ್ಡಿಗಳು ಬೂದುಬಣ್ಣಕ್ಕೆ ತಿರುಗಿ, ಸಿಪ್ಪೆ ಸುಲಿದು, ಮೇಲೆ ಪೊರಕೆಯಂತೆ ಸಣ್ಣ ಸಣ್ಣ ಕವಲಾಗಿ ಒಡೆದು, ನಿಂಬೆಹಣ್ಣಿನಷ್ಟು ಚಿಕ್ಕ ಹೂಗಳನ್ನು ಬಿಡತೊಡಗುತ್ತವೆ. ಅಂಥವುಗಳಲ್ಲಿ ಅತಿ ಹಳೆಯ ಎರಡನ್ನೋ ಮೂರನ್ನೋ, ಒಟ್ಟು ಕಡ್ಡಿಗಳ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಾಗದಂತೆ, ಅದೇ ಪುಷ್ಯ ಮತ್ತು ಆಶ್ಲೇಷಾ ಮಳೆಯಲ್ಲಿ ನೆಲಮಟ್ಟಕ್ಕೆ ಕತ್ತರಿಸಬೇಕು. ಬುಡಕ್ಕೆ ಬೆಳಕು ಬಿದ್ದು ಹೊಸ ಕಡ್ಡಿಗಳು ಮಣ್ಣಿನಿಂದಲೇ ಮೇಲೇಳುತ್ತವೆ. ಮೂರು ವರ್ಷ ಹೀಗೆ ಮಾಡಿದರೆ ಹೂವು ತಪ್ಪದೆಯೇ ಇಡೀ ಗಿಡ ಹೊಸದಾಗುತ್ತದೆ. ಕಡ್ಡಿ ಸತ್ತಿದೆಯೋ ಬದುಕಿದೆಯೋ ಎಂಬ ಅನುಮಾನ ಬಂದರೆ ಉಗುರಿನಿಂದ ಸಿಪ್ಪೆ ಕೆರೆದು ನೋಡಿದರಾಯಿತು: ಹಸಿರಿದ್ದರೆ ಜೀವವಿದೆ, ಕಂದಿದ್ದರೆ ತೆಗೆಯಬಹುದು. ಸತ್ತ ಕಡ್ಡಿಯನ್ನು ಮಾತ್ರ ವರ್ಷದ ಯಾವ ದಿನ ಬೇಕಾದರೂ ತೆಗೆಯಬಹುದು.

ಸವರಿದ ಸೊಪ್ಪನ್ನು ಕೊಟ್ಟಿಗೆಯ ಗೋದಲಿಗೆ ಹಾಕಬಾರದು. ಹೈಡ್ರೇಂಜಿಯಾದ ಎಲೆ ಮತ್ತು ಮೊಗ್ಗುಗಳಲ್ಲಿ ಸೈನೈಡ್ ಬಿಡುಗಡೆ ಮಾಡುವ ವಸ್ತುವಿದೆ; ದನಕರುಗಳ ಹೊಟ್ಟೆಗೆ ಅದು ಒಳ್ಳೆಯದಲ್ಲ. ಗೊಬ್ಬರಗುಂಡಿಗೆ ಹಾಕಲು ಅಡ್ಡಿಯಿಲ್ಲ, ಬೂಷ್ಟು ಹಿಡಿದ ಹೂಗಳನ್ನು ಬಿಟ್ಟು.

ಸವರಿದ ಮೇಲೆ ಗಾಯಕ್ಕೆ ಔಷಧಿ ಬೇಕೇ ಎಂದು ಕೇಳುವವರು ಅದೇ ಸಮಯದಲ್ಲಿ ತೋಟದಲ್ಲಿ ಅಡಿಕೆಯ ಕೊಳೆರೋಗಕ್ಕೆ ಹೊಡೆಯುತ್ತಿರುವ ಬೋರ್ಡೋ ದ್ರಾವಣವನ್ನು ನೆನೆಯುತ್ತಾರೆ. ಓರೆಯಾಗಿ, ಹರಿತವಾಗಿ, ಹೊಳವು ನೋಡಿ ಕತ್ತರಿಸಿದರೆ ಅದರ ಅಗತ್ಯ ಬೀಳುವುದಿಲ್ಲ. ಇದಕ್ಕೆ ತಗುಲಿದಂತೆ ಬಣ್ಣದ ಬಗ್ಗೆಯೂ ಒಂದು ಮಾತು ಹೇಳಬೇಕು. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣು ಆಮ್ಲೀಯವಾದುದು, ಅದರಲ್ಲಿ ಅಲ್ಯೂಮಿನಿಯಂ ಧಾರಾಳವಾಗಿದೆ. ಮಣ್ಣಿನ ಆಮ್ಲೀಯತೆಯನ್ನು ಅಳೆಯುವ ಪಿಎಚ್ ಸುಮಾರು 5.5ಕ್ಕಿಂತ ಕಡಿಮೆಯಿದ್ದಾಗ ಅಲ್ಯೂಮಿನಿಯಂ ನೀರಿನಲ್ಲಿ ಕರಗಿ ಬೇರಿಗೆ ಸಿಗುತ್ತದೆ. ಹೂವಿನಲ್ಲಿರುವ ಡೆಲ್ಫಿನಿಡಿನ್ ವರ್ಗದ ಬಣ್ಣದೊಂದಿಗೆ ಅದು ಕೂಡಿಕೊಂಡರೆ ಹೂವು ನೀಲಿಯಾಗುತ್ತದೆ. ಪಿಎಚ್ 6.5 ದಾಟಿದರೆ ಅಲ್ಯೂಮಿನಿಯಂ ಮಣ್ಣಿನಲ್ಲೇ ಉಳಿದು ಹೂವು ಗುಲಾಬಿಯಾಗುತ್ತದೆ. ಬೋರ್ಡೋ ಮಾಡಲು 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೇಕಷ್ಟೆ. ಆ ಸುಣ್ಣ ಕಲಸುವ ಡ್ರಮ್ಮು ನಮ್ಮಲ್ಲಿ ಪ್ರತಿ ವರ್ಷ ಒಂದೇ ಮೂಲೆಯಲ್ಲಿರುತ್ತದೆ. ಆ ಮೂಲೆಯ ಗಿಡ ಗುಲಾಬಿ, ಹತ್ತು ಹೆಜ್ಜೆ ಆಚೆಯ ಗಿಡ ಅಚ್ಚ ನೀಲಿ. ಎರಡೂ ಒಂದೇ ತಾಯಿಗಿಡದ ಕಡ್ಡಿಗಳು. ಕತ್ತರಿಸುವುದರಿಂದ ಬಣ್ಣ ಬದಲಾಗುವುದಿಲ್ಲ. ಬಿಳಿ ಹೂವಿನ ತಳಿಗಳು ಮಣ್ಣು ಹೇಗಿದ್ದರೂ ಬಿಳಿಯಾಗಿಯೇ ಇರುತ್ತವೆ.

ಸರಿಯಾದ ಕಾಲಕ್ಕೆ ಸವರಿದರೂ ಹೂ ಬಾರದಿದ್ದರೆ ಆಗ ಉಳಿದ ಕಾರಣಗಳನ್ನು ಹುಡುಕಬಹುದು. ಅಡಿಕೆ ತೋಟದ ದಟ್ಟ ನೆರಳಿನಲ್ಲಿ ಎಲೆ ಸೊಂಪಾಗಿ ಬೆಳೆಯುತ್ತದೆ, ಹೂವು ಕಟ್ಟುವುದಿಲ್ಲ. ಬೆಳಗಿನ ಬಿಸಿಲು ಮೂರು ನಾಲ್ಕು ತಾಸು ಬಿದ್ದು ಮಧ್ಯಾಹ್ನದಿಂದ ನೆರಳಾಗುವ ಪೂರ್ವದ ಅಂಗಳ ಇದಕ್ಕೆ ಹೇಳಿಮಾಡಿಸಿದ ಜಾಗ. ಹಸಿ ಸಗಣಿ ಮತ್ತು ಯೂರಿಯಾವನ್ನು ಮಳೆಗಾಲದ ಕೊನೆಯಲ್ಲಿ ಸುರಿದರೆ ಗಿಡ ಎಲೆಯ ಕಡೆಗೇ ತಿರುಗುತ್ತದೆ. ಕಳಿತ ಗೊಬ್ಬರವನ್ನು ಸವರಿದ ಕೂಡಲೇ ಒಮ್ಮೆ ಕೊಟ್ಟರೆ ಸಾಕು. ಫೆಬ್ರುವರಿಯಿಂದ ಮೊಗ್ಗು ಬಿಚ್ಚುವ ಕಾಲ. ಆಗ ಬುಡ ಒಣಗಿದರೆ ರೂಪುಗೊಂಡ ಹೂವೇ ತುದಿಯಲ್ಲಿ ಕರಟಿಹೋಗುತ್ತದೆ. ಬೆಟ್ಟದಿಂದ ತಂದ ದರಕನ್ನು (ಒಣಗಿದ ಎಲೆಗಳನ್ನು) ಬುಡಕ್ಕೆ ಗೇಣು ದಪ್ಪ ಹೊದಿಸಿ, ದಿನ ಬಿಟ್ಟು ದಿನ ಸಂಜೆ ನೀರು ಹಾಕುತ್ತಿದ್ದರೆ ಬೇಸಿಗೆಯ ಬಿಸಿಲನ್ನು ಗಿಡ ತಾಳಿಕೊಳ್ಳುತ್ತದೆ.

ಕಾರವಾರ, ಅಂಕೋಲಾ, ಹೊನ್ನಾವರದ ಕಡೆಯವರಿಗೆ ನಾನು ಸುಳ್ಳು ಭರವಸೆ ಕೊಡಲಾರೆ. ಕುಂಡವನ್ನು ಮನೆಯ ಅತಿ ತಂಪಾದ ಮೂಲೆಯಲ್ಲಿಟ್ಟು, ತುದಿ ಮೊಗ್ಗುಗಳನ್ನು ವರ್ಷವಿಡೀ ಕಾಪಾಡಿದರೆ, ಚಳಿ ಗಟ್ಟಿಯಾಗಿ ಬಿದ್ದ ವರ್ಷ ಒಂದೆರಡು ಚೆಂಡು ಬರಬಹುದು. ನನ್ನ ಚಿಕ್ಕಮ್ಮ ಈಗ ಬೇರೆ ದಾರಿ ಹಿಡಿದಿದ್ದಾರೆ. ದೀಪಾವಳಿಗೆ ಊರಿಗೆ ಬರುವಾಗ ಕುಂಡವನ್ನು ಕಾರಿನಲ್ಲಿಟ್ಟುಕೊಂಡು ಬಂದು ನಮ್ಮ ಜಗಲಿಯ ಕೆಳಗೆ ಬಿಟ್ಟು ಹೋಗುತ್ತಾರೆ, ಮಾರ್ಚ್‌ನಲ್ಲಿ ಬಂದು ಒಯ್ಯುತ್ತಾರೆ. ಕಳೆದ ವರ್ಷ ಅದರಲ್ಲಿ ನಾಲ್ಕು ಹೂ ಬಂದವು.

ಈ ಸಲ ಆಗಲೇ ಕಡಿದುಬಿಟ್ಟವರು ಇನ್ನೊಮ್ಮೆ ಕತ್ತರಿ ಹಾಕದೆ ಸುಮ್ಮನಿರಬೇಕು. ತುದಿ ಹೋದರೂ ಕೆಳಗೆ ಕತ್ತರಿಗೆ ಸಿಗದೆ ಉಳಿದ ಗಿಡ್ಡ ಕುಡಿಗಳಿದ್ದರೆ ಅವು ಅರಳುತ್ತವೆ. ಉಳಿದವು ಈ ಬೇಸಿಗೆ ಎಲೆಯಾಗಿಯೇ ಬೆಳೆಯಲಿ. ಬರುವ ಪುಷ್ಯ ಮಳೆಯಲ್ಲಿ ಅವುಗಳಿಗೆ ದಾರ ಕಟ್ಟಿ, ಮುಟ್ಟದೆ ಬಿಟ್ಟರೆ ಅದರ ಮುಂದಿನ ವರ್ಷ ಅವೇ ಹೂ ಕೊಡುತ್ತವೆ. ಸವರುವಾಗ ಸಿಕ್ಕಿದ ಹಸಿ ಕಡ್ಡಿಗಳನ್ನೂ ಎಸೆಯಬೇಕಾಗಿಲ್ಲ. ಹೂವಿನ ಭಾಗವನ್ನು ತೆಗೆದು, ಎರಡು ಗೆಣ್ಣು ಇರುವಂತೆ ಗೇಣಿಗಿಂತ ಗಿಡ್ಡ ತುಂಡು ಮಾಡಿ, ಕೆಳಗಿನ ಎಲೆಗಳನ್ನು ಕಿತ್ತು, ಮೇಲಿನ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಮರಳು ಬೆರೆಸಿದ ಮಣ್ಣಿನಲ್ಲಿ ಸೂರಿನ ನೀರು ಬೀಳದ ಕಡೆ ಊರಿದರೆ ಮೂರು ನಾಲ್ಕು ವಾರದಲ್ಲಿ ಬೇರು ಬಿಡುತ್ತವೆ. ಮೆಲ್ಲಗೆ ಎಳೆದಾಗ ಕಡ್ಡಿ ಮಣ್ಣನ್ನು ಹಿಡಿದುಕೊಂಡರೆ ಬೇರು ಬಂದಿದೆ ಎಂದರ್ಥ. ಆಮೇಲೆ ಅದನ್ನು ಕುಂಡಕ್ಕೆ ಬದಲಿಸಿ, ಎರಡು ಚಳಿಗಾಲ ಅದರ ತುದಿಗೆ ಕೈ ಹಚ್ಚದೆ ಕಾಯಬೇಕು.